ಲೋಟ ತೊಳೆಯುವ ಸರದಿ

ನಿಲ್ಲದಯ್ಯನವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ಚೀಟಿಗೆ ಮಾತ್ರ ಉಳಿದು, ಇಡೀ ಗೊಬ್ಬರದ ಕಾರ್ಖಾನೆಗೆ ಅವರು ನಿಲ್ಲದಯ್ಯ ಆಗಿಬಿಟ್ಟಿದ್ದರು. ತಾವೂ ನಿಲ್ಲುವುದಿಲ್ಲ, ಯಂತ್ರವನ್ನೂ ನಿಲ್ಲಗೊಡುವುದಿಲ್ಲ ಎಂದು ಯಾರೋ ತಮಾಷೆಗೆ ಕರೆದದ್ದು ಮೈಗೆ ಅಂಟಿಕೊಂಡು, ಕೊನೆಗೆ ಹೆಂಡತಿಯ ತವರಿನವರೂ ಹಾಗೇ ಕರೆಯತೊಡಗಿದ್ದರು.

ಆ ಕಾರ್ಖಾನೆಯ ಯಂತ್ರಗಳು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಹದಕ್ಕೆ ತರುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಗುತ್ತಿತ್ತು. ಅದಕ್ಕೇ ಅಲ್ಲಿ ಯಾರೋ ಹಿಂದಿನವರು ಒಂದು ಪದ್ಧತಿ ಮಾಡಿಟ್ಟಿದ್ದರು. ಯಾರ ಪಾಳಿಯಲ್ಲಿ ಯಂತ್ರ ನಿಲ್ಲುತ್ತದೋ ಅವರು ಆ ವಾರವೆಲ್ಲ ಉಳಿದವರ ಟೀ ಲೋಟ ತೊಳೆಯಬೇಕು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾವ ಗೋಡೆಯ ಮೇಲೂ ಇರಲಿಲ್ಲ. ಆದರೆ ದಂಡ ಕಟ್ಟು ಎಂದರೆ ಜಗಳಕ್ಕೆ ಬರುತ್ತಿದ್ದ ಗಟ್ಟಿ ಆಸಾಮಿಗಳೂ ಲೋಟದ ವಿಷಯ ಬಂದರೆ ತೆಪ್ಪಗೆ ನಲ್ಲಿಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಒಮ್ಮೆ ಮ್ಯಾನೇಜರೇ ಟೈ ಹೆಗಲ ಮೇಲೆ ಹಾಕಿಕೊಂಡು ಲೋಟ ಉಜ್ಜಿದ್ದನ್ನು ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಿಲ್ಲದಯ್ಯನವರು ಮಾತ್ರ ಒಂದೇ ಒಂದು ಲೋಟಕ್ಕೂ ನೀರು ಮುಟ್ಟಿಸದೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ್ದು ಅವರಿಗೆ ನೆನಪಿಲ್ಲ. "ಇವರ ಕೈ ಸೋಪು ಕಂಡಿಲ್ಲ" ಎಂದು ಭಾಷಣದಲ್ಲಿ ಹೇಳಿದ್ದು ನೆನಪಿದೆ.

ಮನೆಯಲ್ಲೂ ಅದೇ ಚಾಳಿ. ತಿರುಗುವ ಫ್ಯಾನ್ ಆರಿಸುವುದಿಲ್ಲ, ಹಾಡುವ ರೇಡಿಯೋ ನಿಲ್ಲಿಸುವುದಿಲ್ಲ. "ಫ್ಯಾಕ್ಟರಿಯಲ್ಲಿ ಯಂತ್ರ ನಿಲ್ಲಿಸಲಿಲ್ಲ, ಮನೇಲಿ ಬಾಯಿ ನಿಲ್ಲಿಸಲಿಲ್ಲ. ನನ್ನ ಪುಣ್ಯ" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹೇಳಿ ತಾವೇ ಎದ್ದು ಫ್ಯಾನ್ ಆರಿಸಿ ಬರುತ್ತಿದ್ದರು.

ನಿವೃತ್ತಿಯಾದ ಮೇಲೆ ಆ ಬಾಯಿಯೂ ಸೊರಗತೊಡಗಿತು. ಕುರ್ಚಿಯಲ್ಲಿ ಕೂತು ನೀರಿನ ಪಂಪಿನ ಸದ್ದು ಕೇಳುತ್ತಾ "ಬೇರಿಂಗ್ ಹೋಗಿದೆ" ಎನ್ನುವುದೊಂದೇ ಕೆಲಸವಾಯಿತು. ಹಾಗಿರುವಾಗ ತಂಗಿಯ ಮಗಳು ಬಂದು ಎದುರಿಗೆ ಕೂತು, "ಮಾವ, ಗೊಬ್ಬರ ಮಾಡೋಕೂ ಜಲಜನಕ ಬೇಕಲ್ವಾ? ಅದನ್ನ ಕಂಡವರು ನಮ್ಮ ಮನೇಲಿ ನೀವೊಬ್ಬರೇ. ನನ್ನ ಜೊತೆ ಬನ್ನಿ" ಎಂದಳು. ಅಂಗಿ ಬದಲಾಯಿಸಲಿಕ್ಕೂ ಒಳಗೆ ಹೋಗದೆ ಅವರು ಚಪ್ಪಲಿ ಮೆಟ್ಟಿದರು.

ಅವಳದ್ದು ಬಂದರಿನ ಹಿಂದೆ, ಬ್ರೆಡ್ಡಿಗೆ ಹಾಕುವ ಈಸ್ಟ್ ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ, ಒಂದು ಎತ್ತರದ ಶೆಡ್ಡು. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು. ಅವುಗಳಿಂದ ಬರುವ ಕರೆಂಟು ಶೆಡ್ಡಿನಲ್ಲಿದ್ದ ಯಂತ್ರದೊಳಗೆ ನೀರನ್ನು ಒಡೆದು ಜಲಜನಕ ಮಾಡುತ್ತಿತ್ತು. ಈಸ್ಟ್ ಹುದುಗುವಾಗ ಸುಮ್ಮನೆ ಗಾಳಿಗೆ ಹೋಗುತ್ತಿದ್ದ ಇಂಗಾಲದ ಅನಿಲವನ್ನು ಪೈಪಿನಲ್ಲಿ ತಂದು, ಆ ಜಲಜನಕದೊಡನೆ ಬೆರೆಸಿದರೆ ದೋಣಿಗಳ ಎಂಜಿನ್ನಿಗೆ ಹಾಕುವ, ಸ್ಪಿರಿಟ್ಟಿನಂಥ ಇಂಧನ ಸಿದ್ಧ. ನೆಲ ತೋಡದೆ, ಬಾವಿ ಕೊರೆಯದೆ, ಗಾಳಿಯಿಂದ ಎಣ್ಣೆ. ಹೇಳುವುದಕ್ಕೆ ಸುಲಭ. ತಂಗಿಯ ಮಗಳು ಅದಕ್ಕಾಗಿ ಮದುವೆಯ ಮಾತನ್ನೂ ಮುಂದೂಡಿ, ಇದ್ದ ಸೈಟನ್ನೂ ಮಾರಿಕೊಂಡು ಕೂತಿದ್ದಳು.

ನಿಲ್ಲದಯ್ಯನವರು ಮೊದಲ ದಿನವೇ ಶೆಡ್ಡನ್ನೆಲ್ಲ ಸುತ್ತಿ, ಪೈಪುಗಳನ್ನೆಲ್ಲ ತಟ್ಟಿ, ಎಮ್ಮೆ ಕೊಳ್ಳಲು ಬಂದವರ ಹಾಗೆ ಯಂತ್ರದ ಹಿಂದೆ ಮುಂದೆ ನೋಡಿ, ಕಂಟ್ರೋಲ್ ರೂಮಿಗೆ ಬಂದರು. ಪಾಳಿಗೊಬ್ಬರಂತೆ ಇದ್ದ ಇಬ್ಬರೂ ಎದ್ದು ನಿಂತರು. ಒಬ್ಬರು ಹಿಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ಹೆಂಗಸು. ಶಾಲೆ ಬಿಟ್ಟು ಬಹಳ ಕಾಲವಾಗಿದ್ದರೂ ಎಲ್ಲರಿಗೂ ಟೀಚರಮ್ಮ. ಇನ್ನೊಬ್ಬ ಎದೆ ಮುಟ್ಟುವ ಗಡ್ಡದ ಮನುಷ್ಯ. ಅವನ ಹೆಸರು ಏನಿರಬಹುದು ಎಂದು ಯೋಚಿಸುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ.

"ನಮ್ಮಲ್ಲಿ ಒಂದು ಪದ್ಧತಿ ಇದೆ" ಎಂದರು ನಿಲ್ಲದಯ್ಯ, ನಲ್ಲಿಯ ಪಕ್ಕ ಕವುಚಿಟ್ಟ ಲೋಟಗಳನ್ನು ನೋಡುತ್ತಾ. "ಯಾರ ಪಾಳೀಲಿ ಯಂತ್ರ ನಿಲ್ಲತ್ತೋ ಅವರದ್ದು ಆ ವಾರ ಲೋಟ ತೊಳೆಯೋ ಸರದಿ."

ಇಬ್ಬರೂ ನಕ್ಕರು. ಒಪ್ಪಿಕೊಂಡರು. ಮೊದಲ ವಾರ ಗಡ್ಡದವನು ತೊಳೆದ. ಎರಡನೆಯ ವಾರ ಟೀಚರಮ್ಮ ತೊಳೆದರು. ಆಮೇಲಾಮೇಲೆ ಯಂತ್ರ ಪಾಳಿ ಬದಲಾಗುವ ಹೊತ್ತಿನವರೆಗೂ ಹೇಗೋ ಓಡತೊಡಗಿತು. ನಿಲ್ಲದಯ್ಯನವರಿಗೆ ಹಿಗ್ಗೋ ಹಿಗ್ಗು. "ಭೇಷ್! ಕೈ ಪಳಗ್ತಾ ಇದೆ" ಎಂದು ಇಬ್ಬರ ಬೆನ್ನನ್ನೂ ತಟ್ಟಿದರು.

ತಂಗಿಯ ಮಗಳು ಆ ದಿನಗಳಲ್ಲಿ ಶೆಡ್ಡಿನಲ್ಲಿ ಇರುತ್ತಿದ್ದದ್ದೇ ಕಡಿಮೆ. ಒಂದು ದಿನ ಬ್ಯಾಂಕು, ಒಂದು ದಿನ ಲೈಸೆನ್ಸಿನ ಆಫೀಸು. ಅವಳು ಕಾಯುತ್ತಿದ್ದದ್ದು ಒಂದು ಮುದ್ರೆಗಾಗಿ. ದೋಣಿಗಳು ಸುಡುವ ಇಂಧನದಲ್ಲಿ ಇಷ್ಟು ಪಾಲು ಹಸಿರು ಇಂಧನವೇ ಇರಬೇಕು ಎಂದು ಹೊಸ ಕಾನೂನು ಬಂದಿತ್ತು. ಯಾವುದು ಹಸಿರು ಎಂದು ನೋಡಿ ಮುದ್ರೆ ಒತ್ತುವುದಕ್ಕೆ ತಪಾಸಣೆಯವರಿದ್ದರು. ಮುದ್ರೆ ಬಿದ್ದರೆ ಅದು ಚಿನ್ನ. ಬೀಳದಿದ್ದರೆ ಬರೀ ದುಬಾರಿ ಸ್ಪಿರಿಟ್ಟು, ಕೇಳುವವರಿಲ್ಲ. ಬಂದರಿನ ದೋಣಿ ಕಂಪನಿಯವರು ಅವಳ ಶೆಡ್ಡಿಗೆ ಬಂಡವಾಳ ಹಾಕಲು ಸಿದ್ಧರಿದ್ದರು. ಅವರ ಷರತ್ತು ಒಂದೇ. ಒಂದು ತಿಂಗಳು ಓಡಿಸಿ ತೋರಿಸಬೇಕು, ಆ ತಿಂಗಳಿನಲ್ಲಿ ಒಂದು ಗಂಟೆಯೂ ಮುದ್ರೆ ತಪ್ಪಬಾರದು.

ತಿಂಗಳು ಮುಗಿಯಿತು. ತಪಾಸಣೆಯವನು ಬಂದು ಮೀಟರುಗಳನ್ನು ನೋಡಿ, ತಲೆ ಅಲ್ಲಾಡಿಸಿ, ಹೋಗುವಾಗ ಪಾಪ ಟೀ ಕೂಡ ಕುಡಿಯಲಿಲ್ಲ. ಕೊಳೆ ಗಂಟೆಗಳು ಸಿಕ್ಕಿದ್ದವು. ಗುಡ್ಡದ ಮೇಲೆ ಗಾಳಿ ಬಿದ್ದಿದ್ದರೂ ಯಂತ್ರ ಓಡಿತ್ತು, ಊರ ಕರೆಂಟಿನ ಮೇಲೆ. ಆ ಕರೆಂಟು ಕಲ್ಲಿದ್ದಲಿನಿಂದ ಬಂತೋ ಇನ್ನೆಲ್ಲಿಂದ ಬಂತೋ, ಅದರಲ್ಲಿ ಮಾಡಿದ ಜಲಜನಕ ಹಸಿರಲ್ಲ. ದಿನಕ್ಕೆ ಒಂದೆರಡು ಸಲ, ಸ್ವಲ್ಪ ಸ್ವಲ್ಪ, ಯಾರೋ ಉಪ್ಪು ಕದ್ದ ಹಾಗೆ.

ಅವತ್ತು ರಾತ್ರಿ ಊಟಕ್ಕೆ ತಂಗಿಯ ಮಗಳು ಮಾವನ ಮನೆಗೇ ಬಂದಳು. ಬಂದವಳು ತಟ್ಟೆಯ ಮುಂದೆ ಕೂತು ಕೈ ಆಡಿಸುತ್ತಿದ್ದಳೇ ಹೊರತು ತುತ್ತು ಎತ್ತಲಿಲ್ಲ. ಅವಳ ಮುಖ ನೋಡಿ ನಿಲ್ಲದಯ್ಯನವರಿಗೆ ಸಂಕಟವಾಯಿತು. ಸಂಕಟವಾದಾಗ ಬೈಯುವುದು ಅವರ ಅಭ್ಯಾಸ.

"ಗಂಟೆ ಗಂಟೆಗೂ ಲೆಕ್ಕ ಅಂತೆ! ಈ ಕಾನೂನು ಬರೆದೋರು ಯಾವತ್ತಾದರೂ ಒಂದು ವಾಲ್ವ್ ತಿರುಗಿಸಿದಾರಾ? ವರ್ಷದ ಕೊನೇಲಿ ಒಟ್ಟು ನೋಡಿಕೊಂಡ್ರೆ ಆಗಲ್ವಾ? ಒಂದು ದಿನ ಗಾಳಿ ಜಾಸ್ತಿ, ಒಂದು ದಿನ ಕಮ್ಮಿ. ಸರಿಹೋಗತ್ತಪ್ಪ!"

"ಆಗಲ್ಲ ಮಾವ" ಎಂದಳು ಅವಳು. "ಗಾಳಿ ಇಲ್ಲದಾಗ ನಾವು ಊರ ಕರೆಂಟು ಎಳೆದರೆ ಎಲ್ಲೋ ಇನ್ನೊಂದು ಕಡೆ ಇನ್ನೊಂದಿಷ್ಟು ಕಲ್ಲಿದ್ದಲು ಉರಿಯತ್ತೆ. ವರ್ಷದ ಲೆಕ್ಕದಲ್ಲಿ ಅದು ಮುಚ್ಚಿಹೋಗತ್ತೆ. ಹಾಗೆ ಮಾಡಿದರೆ ನಮ್ಮದಕ್ಕೂ ಕಳ್ಳ ಮಾಲಿಗೂ ಏನು ವ್ಯತ್ಯಾಸ? ಆಮೇಲೆ ನಮ್ಮನ್ನ ಯಾರು ನಂಬಿ ದುಡ್ಡು ಹಾಕ್ತಾರೆ?"

"ಕಾನೂನು ಬಿಗಿ ಆಯ್ತು ಅಂತಲೇ ಅಲ್ವಾ ಈ ಇಂಧನಕ್ಕೆ ಕೈ ಹಾಕಿದ ಎಷ್ಟೋ ಜನ ಓಡಿಹೋಗಿದ್ದು?"

"ಬಿಗಿ ಆದಾಗ ಓಡಿಹೋದವರು ಅರ್ಧ. ಕಾನೂನೇ ಇಲ್ಲದಾಗ ಯಾರೂ ಬಂದೇ ಇರಲಿಲ್ಲ, ಮಾವ. ಮೊದಲನೇ ಕರಡು ಬಂತು, ವಾಪಸ್ ಹೋಯ್ತು. ಎರಡನೇದು ಬಂತು, ಅದೂ ಹೋಯ್ತು. ಅಷ್ಟು ವರ್ಷ ನನ್ನ ನಕ್ಷೆ ಚೀಲದಲ್ಲೇ ಇತ್ತು. ಬಾ ಅಂದರೆ ಬರಬಹುದು, ಹೋಗು ಅಂದರೆ ಹೋಗಬಹುದು. ಹೊಸಿಲ ಮೇಲೆ ನಿಲ್ಲಿಸಿದರೆ ಯಾರು ಗಂಟು ಇಳಿಸ್ತಾರೆ ಹೇಳಿ? ಈಗ ಎಷ್ಟೇ ಬಿಗಿ ಇರಲಿ, ಹೀಗೆ ಅಂತ ಒಂದು ಗೊತ್ತಾಯ್ತು. ಗೊತ್ತಾದ ಮೇಲೇ ದೋಣಿ ಕಂಪನಿಯವರು ಬಂದಿದ್ದು."

ಬಡಿಸುತ್ತಿದ್ದ ಹೆಂಡತಿ ಸೌಟು ಹಿಡಿದೇ ನಿಂತು ಕೇಳಿದರು. "ನನಗೆ ಒಂದು ಅರ್ಥ ಆಗಲಿಲ್ಲ ಕಣೇ. ಅಷ್ಟು ದಪ್ಪದ ಕಾನೂನಿನಲ್ಲಿ ಇರೋದು ಇಷ್ಟೇನಾ? ಗಾಳಿ ಬಂದಾಗ ತೂರಿಕೋ ಅಂತ?"

ತಂಗಿಯ ಮಗಳು ಬಂದಾಗಿನಿಂದ ಮೊದಲ ಸಲ ನಕ್ಕಳು. "ಇಷ್ಟೇ ಅತ್ತೆ. ಇನ್ನೂರು ಪುಟದಲ್ಲಿ ಬರೆದಿದ್ದಾರೆ."

ನಕ್ಕ ಮೇಲೆ ಊಟ ಸೇರಿತು. ಊಟದ ಕೊನೆಗೆ ವಿಷಯ ಹೇಳಿದಳು. ದೋಣಿ ಕಂಪನಿಯವರು ಇನ್ನೊಂದು ತಿಂಗಳು ಕೊಟ್ಟಿದ್ದಾರೆ, ಲೆಕ್ಕ ಬರುವ ವಾರದಿಂದ ಶುರು. ಕೊನೆಯ ದಿನ ಅವರ ಮೇಡಂ ತಾವೇ ಬಂದು ಯಂತ್ರ ನೋಡುತ್ತಾರೆ. ಈ ಸಲವೂ ಒಂದು ಗಂಟೆ ಕೊಳೆಯಾದರೆ ಅವರು ಬೇರೆ ಊರಿನ ಇಂಧನ ತರಿಸುತ್ತಾರೆ, ಬ್ಯಾಂಕಿನವರು ಕೈ ಬಿಡುತ್ತಾರೆ, ಶೆಡ್ಡಿಗೆ ಬೀಗ.

"ಯಾರು ಮಾಡಿದ್ದು ಅಂತ ನಾನು ಹುಡುಕ್ತೀನಿ" ಎಂದರು ನಿಲ್ಲದಯ್ಯ. "ಹಿಡಿದ ದಿನ ಅವರ ಕಥೆ ಮುಗೀತು."

ಹುಡುಕುವುದು ದೊಡ್ಡ ಕೆಲಸವಾಗಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಊರ ಕರೆಂಟನ್ನು ಒಳಗೆ ತರುವ ಒಂದು ಕೀಲಿ ಇತ್ತು. ಆಪತ್ತಿಗೆಂದು ಇಟ್ಟದ್ದು. ಗಾಳಿ ಬಿದ್ದರೆ ಬ್ಯಾಟರಿ ಕೆಲವು ನಿಮಿಷ ಉಸಿರು ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ಒಂದೋ ಯಂತ್ರವನ್ನು ಮೆಲ್ಲಗೆ ಇಳಿಸಿ ನಿಲ್ಲಿಸಬೇಕು, ಇಲ್ಲವೇ ಕೀಲಿ ತಿರುಗಿಸಬೇಕು. ಕೀಲಿ ತಿರುಗಿಸುವ ಕೈ ಯಾರದ್ದು ಎಂಬುದಷ್ಟೇ ಪ್ರಶ್ನೆ.

ಮರುದಿನ ಮಧ್ಯಾಹ್ನ ಪಾಳಿ ಬದಲಾಗುವುದಕ್ಕೆ ಸ್ವಲ್ಪ ಮುಂಚೆ ಅವರು ಶೆಡ್ಡಿನ ಹಿಂದೆ ಕೈ ತೊಳೆದುಕೊಂಡು ಬರುತ್ತಿದ್ದರು. ಪಕ್ಕದ ಈಸ್ಟ್ ಕಾರ್ಖಾನೆಯ ಹಬೆ ಒಂದಿಷ್ಟೂ ಬಾಗದೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಗಾಳಿ ಸತ್ತಿತ್ತು. ಆದರೆ ಶೆಡ್ಡಿನೊಳಗಿಂದ ಯಂತ್ರದ ಗುಂಯ್ ಎನ್ನುವ ಸದ್ದು ಒಂದೇ ಸಮನೆ ಬರುತ್ತಿತ್ತು. ಆ ಸದ್ದನ್ನು ಕೇಳಿ ಜೀವಮಾನವಿಡೀ ಹಿಗ್ಗಿದ್ದ ಮನುಷ್ಯ ಅವತ್ತು ಮೊದಲ ಸಲ ಅದಕ್ಕೆ ಬೆಚ್ಚಿಬಿದ್ದರು.

ಅವರು ಒಳಗೆ ನುಗ್ಗಿದಾಗ ಟೀಚರಮ್ಮನ ಕೈ ಇನ್ನೂ ಕೀಲಿಯ ಮೇಲೇ ಇತ್ತು.

"ನೀವಾ!" ಎಂದರು ನಿಲ್ಲದಯ್ಯ. "ಮಕ್ಕಳಿಗೆ ಪಾಠ ಹೇಳಿದ ಕೈ! ಯಾರು ದುಡ್ಡು ಕೊಟ್ರು ನಿಮಗೆ? ಯಾರ ಕಡೆಯವರು ನೀವು?"

ಟೀಚರಮ್ಮ ಮೊದಲು ಕಕ್ಕಾಬಿಕ್ಕಿಯಾದರು. ಆಮೇಲೆ ಅವರಿಗೂ ಸಿಟ್ಟು ಬಂತು. "ಯಾವ ಕಡೆ ಏನು ಬಂತು ಸರ್? ಪಾಳಿ ಮುಗಿಯೋಕೆ ಕಾಲು ಗಂಟೆ ಇದೆ. ಈಗ ನಿಂತರೆ ನನ್ನ ಲೆಕ್ಕಕ್ಕೆ. ಕಾಲು ಗಂಟೆ ತಳ್ಳಿದರೆ ಗಡ್ಡದವನ ಲೆಕ್ಕಕ್ಕೆ. ಹೋದ ತಿಂಗಳೆಲ್ಲ ಅವನು ನನಗೆ ಮಾಡಿದ್ದೂ ಇದನ್ನೇ."

"ಯಾವ ಲೆಕ್ಕ?"

"ಲೋಟದ್ದು ಸರ್! ಇನ್ಯಾವುದು? ಮೊನ್ನೆ ಈಸ್ಟ್ ಫ್ಯಾಕ್ಟರಿಯವರು ಬಂದಾಗ ಅವರೆಲ್ಲರ ಎದುರಿಗೆ ನನ್ನ ಕೈಲಿ ಲೋಟ ತೊಳೆಸಿದ್ರಿ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಇದ್ದ ಅವರಲ್ಲಿ. 'ಟೀಚರ್, ಏನು ತಪ್ಪು ಮಾಡಿದ್ರಿ?' ಅಂತ ಕೇಳಿದ."

ಅಷ್ಟರಲ್ಲಿ ಪಾಳಿಗೆ ಬಂದ ಗಡ್ಡದವನು ಬಾಗಿಲಲ್ಲೇ ನಿಂತ. ಅವನನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಅವನು ತಲೆ ಕೆರೆದುಕೊಂಡು, "ಹೌದು ಸರ್. ನಾನೂ" ಎಂದ. "ಕಾಲು ಗಂಟೆ ತಾನೇ ಅಂದುಕೊಂಡ್ವಿ. ನೀವೂ ಬಂದು ಭೇಷ್ ಅಂದ್ರಿ."

ನಿಲ್ಲದಯ್ಯನವರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಕಳ್ಳನನ್ನು ಹಿಡಿಯಲು ಹೊರಟು ತಮ್ಮ ಮನೆಯ ಕದವನ್ನೇ ತಟ್ಟಿದಂತಾಗಿತ್ತು. ಇನ್ನೂರು ಪುಟದ ಕಾನೂನು ಗಾಳಿ ಬಿದ್ದಾಗ ನಿಲ್ಲು ಎಂದಿತ್ತು. ಇವರು ತಂದಿಟ್ಟ ಲೋಟದ ಕಾನೂನು ನಿಂತರೆ ಮಾನ ಹೋಯಿತು ಎಂದಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಜನ ದೂರದ ದೊಡ್ಡ ಕಾನೂನಿಗೆ ಹೆದರುತ್ತಾರೆಯೇ, ಪಕ್ಕದಲ್ಲೇ ನಿಂತು ನಗುವ ಸಣ್ಣ ಕಾನೂನಿಗೆ ಹೆದರುತ್ತಾರೆಯೇ? ಇದಕ್ಕೆ ಪಂಡಿತರನ್ನು ಕೇಳಬೇಕಾಗಿಲ್ಲ. ಟೀಚರಮ್ಮನಿಗೆ ಸರ್ಕಾರ ಗೊತ್ತಿಲ್ಲ, ಹಳೆಯ ವಿದ್ಯಾರ್ಥಿ ಗೊತ್ತು.

"ಕೀಲಿ ತೆಗೀರಿ" ಎಂದರು ಕೊನೆಗೆ. "ಯಂತ್ರ ಇಳಿಸಿ."

ತಂಗಿಯ ಮಗಳಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವಳು ಆಫೀಸಿನ ಕಿಟಕಿಯ ಬಳಿ ನಿಂತು ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ. "ಅಷ್ಟು ವರ್ಷ ಸರ್ಕಾರಕ್ಕೆ ಕಾದೆ ಮಾವ. ಆಫೀಸಿನ ಬೆಂಚುಗಳು ನನ್ನ ಬೆನ್ನಿನ ಆಕಾರಕ್ಕೆ ಬಂದುಬಿಟ್ಟಿವೆ. ಕೊನೆಗೆ ಒಂದು ಲೋಟಕ್ಕೋಸ್ಕರ ಮುಳುಗಬೇಕಿತ್ತಾ?" ಎಂದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವರಿಗೆ.

"ತಪ್ಪು ನನ್ನದು ಕಣಮ್ಮ" ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಈ ಮಾತು ಅವರ ಬಾಯಿಂದ ಬಂದ ದಾಖಲೆ ಇಲ್ಲ. "ಆ ಕಾರ್ಖಾನೇಲಿ ಸರಿಯಾಗಿದ್ದದ್ದು ಇಲ್ಲಿ ಸರಿ ಅಲ್ಲ. ನನ್ನ ತಲೆಗೆ ಅದು ಹೊಳೀಲೇ ಇಲ್ಲ."

ಅವತ್ತಿನಿಂದ ಪದ್ಧತಿ ತಿರುಗುಮುರುಗಾಯಿತು. ಗಾಳಿ ಇಲ್ಲದಾಗ ಕೀಲಿ ಮುಟ್ಟಿದವರು ಲೋಟ ತೊಳೆಯಬೇಕು. ಮುಟ್ಟು ಎಂದು ಬಾಯಲ್ಲಿ ಅಂದವರೂ ತೊಳೆಯಬೇಕು. ಯಂತ್ರ ನಿಲ್ಲಿಸಿದವರಿಗೆ ಬೇರೆಯವರು ಟೀ ಮಾಡಿಕೊಡಬೇಕು. ಕಾನೂನು ಬದಲಾದದ್ದು ಒಂದೇ ಮಾತಿನಲ್ಲಿ. ಮೈಗೆ ಇಳಿಯುವುದಕ್ಕೆ ಮಾತ್ರ ಹೊತ್ತು ಬೇಕಾಯಿತು, ಎಲ್ಲರಿಗಿಂತ ಹೆಚ್ಚು ಅದನ್ನು ಮಾಡಿದವರಿಗೇ. ಮೊದಲ ಸಲ ತಾವೇ ಯಂತ್ರ ಇಳಿಸಲು ಕೂತಾಗ ನಿಲ್ಲದಯ್ಯನವರ ಹಣೆಯಲ್ಲಿ ಬೆವರು ಬಂತು. ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು ಎಂದು ಗಡ್ಡದವನು ಎಲ್ಲರಿಗೂ ಹೇಳಿಕೊಂಡು ಬಂದ. ಆದರೆ ದಿನ ಕಳೆದ ಹಾಗೆ ಅವರಿಗೆ ಇದರಲ್ಲೂ ಒಂದು ರುಚಿ ಹತ್ತಿತು. ಧಡಕ್ಕೆಂದು ನಿಲ್ಲಿಸುವುದು ಬೇರೆ, ಅನ್ನದ ಪಾತ್ರೆ ಇಳಿಸುವಂತೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸುವುದು ಬೇರೆ. ಒತ್ತಡ ಇಷ್ಟಿಷ್ಟೇ ತಗ್ಗಬೇಕು. ವಾಲ್ವುಗಳು ಒಂದಾದ ಮೇಲೊಂದು ಮುಚ್ಚಬೇಕು. ಸರಿಯಾಗಿ ನಿಲ್ಲಿಸಿದರೆ ಗಾಳಿ ಬಂದ ಕೂಡಲೇ ಯಂತ್ರ ಮುನಿಸಿಲ್ಲದೆ ಎದ್ದು ಕೂರುತ್ತಿತ್ತು. ಗೊಬ್ಬರದ ಯಂತ್ರದ ಹಾಗೆ ದಿನಗಟ್ಟಲೆ ಗೋಳು ಹುಯ್ದುಕೊಳ್ಳುತ್ತಿರಲಿಲ್ಲ. ನಿಲ್ಲುವುದನ್ನೇ ಕಲಿಸಿ ಹುಟ್ಟಿಸಿದ ಯಂತ್ರವಿದು ಎಂದು ಅವರಿಗೆ ಅರ್ಥವಾದದ್ದು ಆಗಲೇ. ಓಡಿಸುವುದು ಗೊತ್ತಿದ್ದವರಿಗೆ ನಿಲ್ಲಿಸುವುದು ಗೊತ್ತಿರುತ್ತದೆ ಎಂದು ತಾವು ತಿಳಿದಿದ್ದೇ ಸುಳ್ಳು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು.

"ನಾನು ಮದುವೆಯಾದಾಗಿನಿಂದ ಹೇಳ್ತಾ ಇಲ್ವಾ" ಎಂದರು ಹೆಂಡತಿ.

ಕೊನೆಯ ದಿನ ಬಂತು. ಅಲ್ಲಿಯವರೆಗೆ ಒಂದು ಗಂಟೆಯೂ ಕೊಳೆಯಾಗಿರಲಿಲ್ಲ. ಬೆಳಿಗ್ಗೆಯಿಂದ ಗುಡ್ಡದ ಮೇಲೆ ಒಳ್ಳೇ ಗಾಳಿ. ಶೆಡ್ಡಿನ ನೆಲ ಒರೆಸಿ, ಕಂಟ್ರೋಲ್ ರೂಮಿನ ಕುರ್ಚಿಗಳನ್ನು ನೆಟ್ಟಗಿಟ್ಟು ಎಲ್ಲರೂ ಕಾದರು. ದೋಣಿ ಕಂಪನಿಯ ಮೇಡಂ ದೊಡ್ಡ ಕಾರಿನಲ್ಲಿ ಬರುತ್ತಾರೆ ಎಂದುಕೊಂಡಿದ್ದರೆ, ಅವರು ಬಂದರಿನಿಂದ ನಡೆದುಕೊಂಡೇ ಬಂದರು. ಬಿಳಿ ಕೂದಲು, ರಬ್ಬರಿನ ಬೂಟು, ಮಾತು ಕಡಿಮೆ. ತಂಗಿಯ ಮಗಳು ನೀರಿನ ತೊಟ್ಟಿಯಿಂದ ಶುರುಮಾಡಿ ಒಂದೊಂದೇ ತೋರಿಸುತ್ತಾ ಬಂದಳು. ಮೇಡಂ ಹೂಂ ಅನ್ನುತ್ತಿದ್ದರು, ಅಷ್ಟೇ. ಯಂತ್ರದ ಮುಂದೆ ಬಂದು ನಿಂತಾಗ ಅದರ ಗುಂಯ್ ಸದ್ದು ಎಲ್ಲರ ಎದೆಗೂ ತಾಗುತ್ತಿತ್ತು.

"ಇದು ಹೃದಯ ಅನ್ನಿ" ಎಂದಳು ತಂಗಿಯ ಮಗಳು.

ಆ ಹೊತ್ತಿಗೇ ಗಾಜಿನಾಚೆ ಕೂತಿದ್ದ ಟೀಚರಮ್ಮ ಕೈ ಎತ್ತಿದರು. ನಿಲ್ಲದಯ್ಯನವರು ಕಿಟಕಿಯ ಕಡೆ ನೋಡಿದರು. ಈಸ್ಟ್ ಕಾರ್ಖಾನೆಯ ಹಬೆ ನೆಟ್ಟಗಾಗಿತ್ತು.

ಅವರು ಕಂಟ್ರೋಲ್ ರೂಮಿಗೆ ಹೋದರು. ಹಿಂದೆಯೇ ತಂಗಿಯ ಮಗಳೂ ಬಂದಳು. ಮೇಡಂಗೆ "ಒಂದೇ ನಿಮಿಷ" ಎಂದು ಹೇಳಿ ಬಂದವಳ ಮುಖ ಬಿಳಿಚಿಕೊಂಡಿತ್ತು. ಪರದೆಯ ಮೇಲೆ ಗಾಳಿಯ ಗೆರೆ ಇಳಿಯುತ್ತಲೇ ಇತ್ತು. ಬ್ಯಾಟರಿ ಉಸಿರು ಹಿಡಿದಿತ್ತು.

"ಮಾವ" ಎಂದಳು ಪಿಸುದನಿಯಲ್ಲಿ. "ಹತ್ತು ನಿಮಿಷ. ಅವರು ನೋಡಿಕೊಂಡು ಹೋಗೋವರೆಗೆ. ಅವರ ಕಣ್ಣೆದುರಿಗೆ ಸತ್ತ ಯಂತ್ರ ಹೇಗೆ ತೋರಿಸಲಿ? ಕೀಲಿ..."

ಮಾತು ಅಲ್ಲಿಗೇ ತುಂಡಾಯಿತು. ಅಂದದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಇನ್ನೂರು ಪುಟವನ್ನು ಬಾಯಿಪಾಠ ಮಾಡಿಕೊಂಡಿದ್ದವಳು ಅವಳು.

ನಿಲ್ಲದಯ್ಯನವರು ಅವಳನ್ನು ನೋಡಿದರು. ಅವಳು ಚಿಕ್ಕವಳಿದ್ದಾಗ ಓಟದ ಸ್ಪರ್ಧೆಯಲ್ಲಿ ಬಿದ್ದು, ಮೊಣಕಾಲು ತರಚಿಹೋಗಿ, ಎದ್ದು ಅಡ್ಡದಾರಿಯಲ್ಲಿ ಓಡಲು ನೋಡಿದಾಗಲೂ ಇದೇ ಮುಖ ಇತ್ತು. ಅವಳ ಮೇಲೆ ಅವರಿಗೆ ಅಂಥ ಪ್ರೀತಿ ಉಕ್ಕಿತು, ಬೇರೆ ಯಾವ ದಿನವಾಗಿದ್ದರೂ ಕೇಳಿದ್ದನ್ನು ಕೊಟ್ಟುಬಿಡುತ್ತಿದ್ದರು. ಅವರ ಕೈಗೂ ಕೀಲಿಯ ದಾರಿ ಚೆನ್ನಾಗಿ ಗೊತ್ತಿತ್ತು. ಓಡುತ್ತಿರುವುದನ್ನು ಓಡಗೊಡು ಎಂದು ಆ ಕೈ ಮೂವತ್ತು ವರ್ಷ ಅದನ್ನೊಂದೇ ಕಲಿತಿತ್ತು. ಹೊರಗೆ ಮೇಡಂ ನೋಡುತ್ತಿದ್ದಾರೆ. ನಿಲ್ಲದಯ್ಯ ಎಂಬ ಹೆಸರಿದೆ.

"ಬೇಡ ಕಣೇ ಪುಟ್ಟಿ" ಎಂದರು. "ನಿಲ್ಲಿಸ್ತೀನಿ."

ಕೂತರು. ಈ ಸಲ ಕಣ್ಣು ತೆರೆದೇ ಇದ್ದರು. ಒತ್ತಡ ಇಷ್ಟಿಷ್ಟೇ ತಗ್ಗಿತು, ವಾಲ್ವುಗಳು ಒಂದೊಂದಾಗಿ ಮುಚ್ಚಿದವು, ಯಂತ್ರದ ಗುಂಯ್ ಸಣ್ಣದಾಗುತ್ತಾ ಸಣ್ಣದಾಗುತ್ತಾ ನಿಂತಿತು. ಶೆಡ್ಡಿನಲ್ಲಿ ಎಂಥ ಮೌನ ಎಂದರೆ ಬಂದರಿನಲ್ಲಿ ಯಾರೋ ಹಗ್ಗ ಎಸೆಯಲು ಕೂಗಿದ್ದು ಕೇಳಿಸಿತು.

ಮೇಡಂ ಬಾಗಿಲಿಗೆ ಬಂದರು. "ಏನಾಯ್ತು?"

"ಗಾಳಿ ನಿಂತಿತು ತಾಯಿ" ಎಂದರು ನಿಲ್ಲದಯ್ಯ. "ನಾವೂ ನಿಂತ್ವಿ."

ಮೇಡಂ ಪರದೆಯನ್ನು ನೋಡಿದರು, ಕೀಲಿಯನ್ನು ನೋಡಿದರು. ಅದು ಏನೆಂದು ಕೇಳಿ ತಿಳಿದುಕೊಂಡರು. ಆಮೇಲೆ ಹೂಂ ಎಂದರು. ಆ ಹೂಂ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ತಿಳಿಯಲಿಲ್ಲ. ಗಾಳಿ ಬರುವವರೆಗೆ ಮಾಡುವುದೇನೂ ಇರಲಿಲ್ಲವಾಗಿ ಗಡ್ಡದವನು ಟೀ ಮಾಡಿದ. ಎಲ್ಲರೂ ನಿಂತೇ ಕುಡಿದರು. ಕುಡಿದು ಮುಗಿದ ಮೇಲೆ ನಿಲ್ಲದಯ್ಯನವರು ಎಲ್ಲರ ಕೈಯಿಂದ ಲೋಟ ತೆಗೆದುಕೊಂಡು, ಮೇಡಂ ಕೈಯಲ್ಲಿದ್ದದ್ದನ್ನೂ ಬಿಡದೆ, ನಲ್ಲಿಯ ಹತ್ತಿರ ಹೋಗಿ ತೋಳು ಮಡಚಿದರು.

ಟೀಚರಮ್ಮ ಗಾಬರಿಯಾದರು. "ಸರ್, ಹೊಸ ಪದ್ಧತಿಯ ಪ್ರಕಾರ ನೀವು ತೊಳೆಯೋ ಹಾಗಿಲ್ಲ!"

"ಹಳೇದರ ಬಾಕಿ ಇದೆಯಮ್ಮ ನನ್ನದು. ಇವತ್ತು ತೀರಿಸ್ಕೋತೀನಿ" ಎಂದರು. ಸೋಪು ಎಷ್ಟು ಹಾಕಬೇಕು ತಿಳಿಯದೆ ಅರ್ಧ ಬಾಟಲಿ ಸುರಿದರು. ನೊರೆ ಮೊಣಕೈಗೆ ಬಂತು.

ಪಕ್ಕದಲ್ಲಿ ತಂಗಿಯ ಮಗಳು ಬಂದು ನಿಂತು ಅವರ ಕೈಯಿಂದ ಒಂದು ಲೋಟ ಕಿತ್ತುಕೊಂಡಳು. "ಹೊಸ ಪದ್ಧತಿಯ ಪ್ರಕಾರ ತೊಳೆಯಬೇಕಾದವಳು ನಾನು. ಕೀಲಿ ಅಂತ ಅಂದವಳು ನಾನೇ ತಾನೇ?" ಎಂದಳು ಮೆಲ್ಲಗೆ. ಕಣ್ಣು ತುಂಬಿತ್ತು. ಸೋಪಿನದ್ದು ಎಂದು ತೋಳಿನಿಂದ ಒರೆಸಿಕೊಂಡಳು.

"ಇದೇನು ಹಳೇ ಪದ್ಧತಿ, ಹೊಸ ಪದ್ಧತಿ?" ಎಂದು ಮೇಡಂ ಕೇಳಿದರು. ಕೇಳಿದ್ದೇ ತಡ, ನಿಲ್ಲದಯ್ಯನವರು ಗೊಬ್ಬರದ ಕಾರ್ಖಾನೆಯಿಂದ ಶುರುಮಾಡಿ, ಮ್ಯಾನೇಜರನ ಟೈ, ಟೀಚರಮ್ಮನ ಹಳೆಯ ವಿದ್ಯಾರ್ಥಿ, ಕಾಲು ಕಾಲು ಗಂಟೆಯ ಕಳ್ಳಾಟ, ಎಲ್ಲವನ್ನೂ ಒದರಿಬಿಟ್ಟರು. ಬಂಡವಾಳ ಹಾಕಲು ಬಂದವರ ಮುಂದೆ ಹೇಳಬಾರದ್ದೆಲ್ಲ ಅದರಲ್ಲಿತ್ತು. ತಂಗಿಯ ಮಗಳು ಕಾಲು ತುಳಿದರೂ ನಿಲ್ಲಿಸಲಿಲ್ಲ. ಮೇಡಂ ಮೊದಲು ತುಟಿ ಬಿಗಿಹಿಡಿದರು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು.

"ನಮ್ಮಲ್ಲೂ ಒಂದು ಕಾಲದಲ್ಲಿ ಹೀಗೇ ಆಗಿತ್ತು" ಎಂದರು ನಗು ನಿಂತ ಮೇಲೆ. "ನಮ್ಮಪ್ಪ ದೋಣಿ ನಡೆಸುವವರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಡ್ತಿದ್ರು. ಸಮುದ್ರ ಕೆರಳಿದಾಗ ಹೋಗಬೇಡಿ ಅಂತ ಬೋರ್ಡೂ ಹಾಕಿದ್ರು. ಬೋರ್ಡು ಯಾರು ಓದ್ತಾರೆ? ಹೋದ್ರು. ಎರಡು ದೋಣಿ ಬಂಡೆಗೆ ತಾಗಿದ ಮೇಲೆ ಅಪ್ಪ ಸಂಬಳದ ಪದ್ಧತೀನೇ ಬದಲಾಯಿಸಿದ್ರು. ದೋಣಿ ಬಿಡದ ದಿನಕ್ಕೂ ಪೂರ್ತಿ ಸಂಬಳ. ಅವತ್ತಿನಿಂದ ಒಂದೂ ತಾಗಿಲ್ಲ." ಅವರು ನಿಂತ ಯಂತ್ರದ ಕಡೆ ತಿರುಗಿದರು. "ಇಂಥ ಶೆಡ್ಡು ಇನ್ನೂ ಕೆಲವು ನೋಡಿ ಬಂದಿದ್ದೀನಿ. ಎಲ್ಲ ಕಡೆಯೂ ಓಡೋದನ್ನೇ ತೋರಿಸಿದ್ರು. ಗಾಳಿ ಬೀಳೋದು ನಮ್ಮೂರಲ್ಲಿ ಮಾತ್ರವಾ ಅಂತ ಅನುಮಾನ ಬಂದಿತ್ತು ನನಗೆ."

ತಂಗಿಯ ಮಗಳ ಕೈಯಲ್ಲಿ ಲೋಟ ಹಾಗೇ ನಿಂತಿತು.

"ತಪಾಸಣೆಯವರ ಮುದ್ರೆ ಬಂದ ದಿನ ಕಾಗದ ಕಳಿಸಮ್ಮ" ಎಂದರು ಮೇಡಂ. "ಸಹಿ ಮಾಡ್ತೀನಿ. ಎರಡನೇ ಯಂತ್ರಕ್ಕೆ ಜಾಗ ಎಲ್ಲಿದೆ ಅನ್ನೋದನ್ನೂ ಆಗಲೇ ತೋರಿಸು."

ಅವಳು ಮಾವನ ಭುಜಕ್ಕೆ ಹಣೆ ಒತ್ತಿಕೊಂಡು ನಿಂತುಬಿಟ್ಟಳು. ನಿಲ್ಲದಯ್ಯನವರಿಗೆ ಏನು ಮಾಡಬೇಕೋ ತೋಚದೆ, ನೊರೆ ಹತ್ತಿದ ಕೈಯಿಂದಲೇ ಅವಳ ತಲೆ ಸವರಿದರು. ಇಷ್ಟು ಸುಖವಾಗಿ ತಾವು ಯಾವತ್ತೂ ಸುಮ್ಮನೆ ನಿಂತಿರಲಿಲ್ಲ ಎಂದು ಅವರಿಗೆ ಅನ್ನಿಸಿತು.

ಆಗ ಕಿಟಕಿಯಾಚೆ ಈಸ್ಟ್ ಕಾರ್ಖಾನೆಯ ಹಬೆ ಒಂದು ಕಡೆಗೆ ಬಾಗಿತು. ಮೊದಲು ಸ್ವಲ್ಪ, ಆಮೇಲೆ ಚೆನ್ನಾಗಿಯೇ.

"ಬಂತು! ಗಾಳಿ ಬಂತು!" ಎಂದು ಗಡ್ಡದವನು ಕೂಗುವಷ್ಟರಲ್ಲಿ ನಿಲ್ಲದಯ್ಯನವರು ಕೈಯಲ್ಲಿದ್ದ ಲೋಟವನ್ನು ತಂಗಿಯ ಮಗಳ ಕೈಗೆ ತುರುಕಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಕಂಟ್ರೋಲ್ ರೂಮಿಗೆ ಓಡಿಯಾಗಿತ್ತು. ಉಳಿದ ಲೋಟಗಳನ್ನೆಲ್ಲ ಶೆಡ್ಡಿನ ಒಡತಿ ತೊಳೆದಳು. ಮೇಡಂ ಒಂದು ಬಟ್ಟೆ ಹುಡುಕಿ ತಂದು ಒರೆಸಿ ಕವುಚಿಟ್ಟರು.